ಮಳಖೇಡ ರೋಡ್: ಒಂದು ಹಳ್ಳಿಯ ರೈಲು ನಿಲ್ದಾಣದ ಚರಿತ್ರೆ

ಕನ್ನಡ ಸಾಹಿತ್ಯ ಚರಿತ್ರೆಯನ್ನು ಅಭ್ಯಸಿಸುವವರಿಗೆ ಮಾನ್ಯಖೇಟವು ಪ್ರಥಮತಃ ಗ್ರಂಥಗಳ ಮೂಲಕ ಪರಿಚಯವಾಗುತ್ತದೆ. ಅಮೋಘವರ್ಷ ನೃಪತುಂಗನ ಆಸ್ಥಾನ, ಶ್ರೀವಿಜಯನ ‘ಕವಿರಾಜಮಾರ್ಗ’, ಜಿನಸೇನಾಚಾರ್ಯರ ‘ಆದಿಪುರಾಣ’, ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’, ಮುಮ್ಮಡಿ ಕೃಷ್ಣನಿಂದ ‘ಉಭಯಚಕ್ರವರ್ತಿ’ ಬಿರುದು ಪಡೆದ ಪೊನ್ನ - ಇವೆಲ್ಲ ಆ ಹೆಸರಿನೊಡನೆಯೇ ನೆನಪಿಗೆ ಬರುವ ಸಂಗತಿಗಳು. ಆದರೆ ವಾಡಿಯಿಂದ ಸಿಕಂದರಾಬಾದಿನ ಕಡೆಗೆ ಹೋಗುವ ರೈಲಿನಲ್ಲಿ ಕುಳಿತವರಿಗೆ ಅದೇ ಊರು ಬೇರೊಂದು ರೂಪದಲ್ಲಿ ಎದುರಾಗುತ್ತದೆ. ಚಿತ್ತಾಪುರ ದಾಟಿದ ಮೇಲೆ, ಸೇಡಂ ತಲುಪುವ ಮುನ್ನ, ‘ಮಳಖೇಡ ರೋಡ್’ ಎಂಬ ಫಲಕವುಳ್ಳ ಸಣ್ಣ ನಿಲ್ದಾಣವೊಂದಿದೆ. ವೇಗದೂತ ಗಾಡಿಗಳಲ್ಲಿ ಹೆಚ್ಚಿನವು ಅಲ್ಲಿ ನಿಲ್ಲುವುದಿಲ್ಲ. ಫಲಕದಲ್ಲಿರುವ ಮೊದಲ ಪದ ಹನ್ನೆರಡು ಶತಮಾನಗಳಷ್ಟು ಹಳೆಯದು. ಎರಡನೆಯ ಪದ ರೈಲ್ವೆಯ ಕೊಡುಗೆ. ಈ ಎರಡು ಪದಗಳು ಒಂದೇ ಫಲಕದ ಮೇಲೆ ಹೇಗೆ ಕೂಡಿದವು, ಆ ಕೂಟವು ನಮ್ಮ ಸೀಮೆಯ ಚರಿತ್ರೆಯ ಬಗ್ಗೆ ಏನನ್ನು ಹೇಳುತ್ತದೆ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಹುಲಸೂರು, ಬಸವಕಲ್ಯಾಣ, ಹುಮನಾಬಾದ ಸೀಮೆಯವರಿಗೆ ಈ ಪ್ರಶ್ನೆ ಮತ್ತಷ್ಟು ಹತ್ತಿರದ್ದು. ಮಾನ್ಯಖೇಟದ ತರುವಾಯ ಕರ್ನಾಟಕದ ರಾಜಧಾನಿಯಾದದ್ದು ಕಲ್ಯಾಣ. ಮಾನ್ಯಖೇಟಕ್ಕೆ ರೈಲು ‘ರೋಡ್’ ಎಂಬ ಉತ್ತರಪದದೊಡನೆಯಾದರೂ ಒದಗಿತು. ಕಲ್ಯಾಣಕ್ಕೆ ಅಷ್ಟೂ ಒದಗಲಿಲ್ಲ. ಒಂದು ನಿಲ್ದಾಣದ ಇರವು ಮತ್ತು ಇನ್ನೊಂದರ ಅಭಾವ ಇವೆರಡನ್ನೂ ಜೊತೆಗಿಟ್ಟು ನೋಡಿದಾಗಲೇ ಚಿತ್ರ ಪೂರ್ಣವಾಗುತ್ತದೆ.

ಹಳಿ ಬಂದ ಬಗೆ

ಮುಂಬಯಿಯಿಂದ ಆಗ್ನೇಯಕ್ಕೆ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು ಸೊಲ್ಲಾಪುರ, ಕಲಬುರಗಿ, ಶಹಾಬಾದ, ವಾಡಿಗಳ ಮೂಲಕ ಸಾಗಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿಕೊಂಡಿತು. ಈ ಮಾರ್ಗದ ಬಹುಭಾಗ ನಿಜಾಮರ ಸೀಮೆಯೊಳಗೇ ಹಾದುಹೋದರೂ ಸಂಸ್ಥಾನದ ರಾಜಧಾನಿಯಾದ ಹೈದರಾಬಾದು ಅದರಿಂದ ದೂರವೇ ಉಳಿಯಿತು. ಸಿಕಂದರಾಬಾದಿನಲ್ಲಿ ಬ್ರಿಟಿಷರ ದೊಡ್ಡ ದಂಡು ನೆಲೆಗೊಂಡಿದ್ದ ಕಾರಣ ಅಲ್ಲಿಗೆ ಹಳಿ ಒಯ್ಯುವುದು ಅವರಿಗೆ ಅಗತ್ಯವೆನಿಸಿತ್ತು. ಆಗಿನ ನಿಜಾಮ ಮಹಬೂಬ್ ಅಲಿ ಖಾನರು ಇನ್ನೂ ಬಾಲಕರು; ಆಡಳಿತದ ಹೊಣೆ ದಿವಾನ ಸಾಲಾರ್ ಜಂಗರದು. ವಾಡಿಯಿಂದ ಸಿಕಂದರಾಬಾದಿನವರೆಗಿನ ಮಾರ್ಗವು ನಿಜಾಮ ಸರ್ಕಾರದ ವೆಚ್ಚದಲ್ಲಿ ನಿರ್ಮಾಣವಾಗಿ 1874ರಲ್ಲಿ ಸಂಚಾರಕ್ಕೆ ತೆರೆಯಿತು. ಮುಂಬಯಿ ಮಾರ್ಗಕ್ಕೆ ಕೂಡುವ ಹಳಿಯಾದುದರಿಂದ ಅದೂ ಬ್ರಾಡ್‌ಗೇಜ್ ಆಗಿಯೇ ನಿರ್ಮಾಣವಾಯಿತು. ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರು, ವಿಕಾರಾಬಾದುಗಳ ಸೀಮೆ ಹೀಗೆ ರೈಲಿನ ನಕ್ಷೆಯೊಳಗೆ ಬಂದಿತು.

ಈ ಹಳಿಯ ಮುಂದಿನ ಕಥೆ ಹಣದ ಲೆಕ್ಕಾಚಾರಕ್ಕೆ ಸೇರಿದ್ದು. ಲಂಡನ್ನಿನಲ್ಲಿ 1883ರಲ್ಲಿ ಸ್ಥಾಪಿತವಾದ ‘ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ’ ಕಂಪನಿಯು ಈ ಮಾರ್ಗವನ್ನು ವಹಿಸಿಕೊಂಡು ಪೂರ್ವಕ್ಕೆ ವಿಸ್ತರಿಸಿತು. ಕಂಪನಿಯ ಹೆಸರಿನಲ್ಲಿರುವ ‘ಗ್ಯಾರಂಟೀಡ್’ ಎಂಬ ಮಾತು ಅಲಂಕಾರಕ್ಕೆ ಸೇರಿಸಿದ್ದಲ್ಲ. ಬಂಡವಾಳ ಹೂಡಿದವರಿಗೆ ಇಪ್ಪತ್ತು ವರ್ಷ ಪರ್ಯಂತ ಶೇಕಡಾ 5ರ ಬಡ್ಡಿಯನ್ನು ಸಂಸ್ಥಾನದ ಬೊಕ್ಕಸ ಖಾತರಿಪಡಿಸಿತ್ತು. ಗಾಡಿ ಲಾಭ ತಂದರೂ ತಾರದಿದ್ದರೂ ಹೊರೆ ಬೀಳುವುದು ರೈತನ ಕಂದಾಯದ ಮೇಲೆ. ಈ ಚಂದಾ ರೈಲ್ವೆ ಯೋಜನೆಯನ್ನು ಬಹಿರಂಗವಾಗಿ ಪ್ರಶ್ನಿಸಿದವರಲ್ಲಿ ಸರೋಜಿನಿ ನಾಯ್ಡು ಅವರ ತಂದೆ ಅಘೋರನಾಥ ಚಟ್ಟೋಪಾಧ್ಯಾಯರೂ ಒಬ್ಬರು. ಅದಕ್ಕಾಗಿ 1883ರಲ್ಲಿ ಅವರನ್ನು ಹೈದರಾಬಾದಿನಿಂದ ಗಡೀಪಾರು ಮಾಡಲಾಯಿತು. ನಿಜಾಮ ಸರ್ಕಾರವು ಈ ರೈಲ್ವೆಯನ್ನು ಕಂಪನಿಯಿಂದ ಕೊಂಡು ತನ್ನ ನೇರ ಆಡಳಿತಕ್ಕೆ ತೆಗೆದುಕೊಂಡದ್ದು 1930ರ ಏಪ್ರಿಲ್ 1ರಂದು. ಸಂಸ್ಥಾನದ ವಿಲೀನಾನಂತರ, 1951ರಲ್ಲಿ ಅದು ಮಧ್ಯ ರೈಲ್ವೆಗೂ 1966ರಲ್ಲಿ ಹೊಸದಾಗಿ ರಚಿತವಾದ ದಕ್ಷಿಣ ಮಧ್ಯ ರೈಲ್ವೆಗೂ ಸೇರಿತು. ಮಳಖೇಡ ರೋಡ್ ಇಂದಿಗೂ ಸಿಕಂದರಾಬಾದ್ ವಿಭಾಗದ ನಿಲ್ದಾಣ.

ಇಲ್ಲಿ ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಕಾಲಾನುಕ್ರಮವಿದೆ. ಈ ಹಳಿ ಬಿದ್ದದ್ದು 1874ರಲ್ಲಿ. ಕೆ.ಬಿ. ಪಾಠಕರ ಸಂಪಾದನೆಯಲ್ಲಿ ‘ಕವಿರಾಜಮಾರ್ಗ’ ಮೊದಲ ಬಾರಿಗೆ ಅಚ್ಚಾದದ್ದು 1898ರಲ್ಲಿ. ಅಂದರೆ ಮಳಖೇಡದ ಸೀಮೆಯಲ್ಲಿ ರೈಲು ಓಡಲು ಆರಂಭಿಸಿ ಇಪ್ಪತ್ತನಾಲ್ಕು ವರ್ಷಗಳಾದ ಮೇಲೆ ಕನ್ನಡಿಗರು ತಮ್ಮ ಮೊದಲ ಲಕ್ಷಣಗ್ರಂಥವನ್ನು ಮುದ್ರಿತ ರೂಪದಲ್ಲಿ ಕಂಡರು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಪ್ರಥಮ ಸಂಪುಟ ಬಂದದ್ದು 1907ರಲ್ಲಿ. ಹಳಿಯ ಜಾಡನ್ನು ಗುರುತಿಸಿದವರ ಮುಂದೆ ಕನ್ನಡದ ಮೊದಲ ಸಾಹಿತ್ಯಕೇಂದ್ರವೆಂಬ ಮಾನ್ಯಖೇಟ ಇರಲಿಲ್ಲ. ಕೋಟೆ ಕುಸಿದ ಒಂದು ಹಳ್ಳಿ ಮಾತ್ರ ಇತ್ತು. ಆದುದರಿಂದ ‘ಹಳೆಯ ರಾಜಧಾನಿಯನ್ನು ರೈಲು ಕಡೆಗಣಿಸಿತು’ ಎಂದು ಆಕ್ಷೇಪಿಸುವುದು ಕಾಲವಿರುದ್ಧವಾದ ಮಾತಾಗುತ್ತದೆ. ಕಡೆಗಣಿಸಲು ಮೊದಲು ಅರಿವಿರಬೇಕು. ಆ ಅರಿವು ಆಗಿನ್ನೂ ಓಲೆಗರಿಗಳಲ್ಲಿ ಮತ್ತು ಬಸದಿಗಳ ಭಂಡಾರಗಳಲ್ಲಿ ಇತ್ತು.

‘ರೋಡ್’ ಎಂಬ ಉತ್ತರಪದ

ಭಾರತದ ರೈಲ್ವೆ ನಿಲ್ದಾಣಗಳ ಹೆಸರುಗಳಲ್ಲಿ ‘ರೋಡ್’ ಎಂಬುದಕ್ಕೆ ಖಚಿತವಾದ ಅರ್ಥವಿದೆ. ಹೆಸರಿನ ಊರು ಹಳಿಯ ಮೇಲಿಲ್ಲ. ಆ ಊರಿಗೆ ಹೋಗುವ ದಾರಿ ಇಲ್ಲಿಂದ ಹೊರಡುತ್ತದೆ ಎಂಬುದೇ ಅದರ ತಾತ್ಪರ್ಯ. ದತ್ತಕ್ಷೇತ್ರವಾದ ಗಾಣಗಾಪುರಕ್ಕೆ ‘ಗಾಣಗಾಪುರ ರೋಡ್’, ಅಕ್ಕಲಕೋಟೆಗೆ ‘ಅಕ್ಕಲಕೋಟ ರೋಡ್’, ರಾಯರ ಮಂತ್ರಾಲಯಕ್ಕೆ ‘ಮಂತ್ರಾಲಯಂ ರೋಡ್’, ಲಾತೂರಿಗೆ ‘ಲಾತೂರ್ ರೋಡ್’ ಇರುವಂತೆ ಮಳಖೇಡಕ್ಕೆ ‘ಮಳಖೇಡ ರೋಡ್’. ವಿದರ್ಭದಲ್ಲಿ ಬಡನೇರಾದ ಬಳಿಯೂ ಮಳಖೇಡ ಎಂಬ ನಿಲ್ದಾಣವೊಂದಿದೆ. ಹಳೆಯ ರೈಲ್ವೆ ಪಟ್ಟಿಗಳನ್ನು ನೋಡುವ ಸಂಶೋಧಕರು ಈ ಎರಡನ್ನು ಬೆರೆಸಿಕೊಳ್ಳಬಾರದು.

ರಾಜಧಾನಿ ಮತ್ತು ರೈಲ್ವೆ ಇವುಗಳ ಸ್ಥಳನಿಯಮಗಳೇ ಬೇರೆ. ಕೋಟೆ ಕಟ್ಟುವವರಿಗೆ ನದಿ ಬೇಕು. ಅದು ನೀರನ್ನೂ ರಕ್ಷಣೆಯನ್ನೂ ಕೊಡುತ್ತದೆ. ಮಾನ್ಯಖೇಟ ಕಾಗಿಣಾ ನದಿಯನ್ನು ನೆಚ್ಚಿ ಬೆಳೆದದ್ದು ಹೀಗೆ. ಹಳಿ ಹಾಕುವವರಿಗಾದರೋ ನದಿಯೆಂದರೆ ಸೇತುವೆಯ ಖರ್ಚು, ನೆರೆಯ ಭಯ, ದಂಡೆಯ ಎರೆಮಣ್ಣಿನ ತೊಡಕು. ಅವರು ಸಮತಟ್ಟಾದ ನೆಲವನ್ನೂ ನೇರವಾದ ಜಾಡನ್ನೂ ಹುಡುಕುತ್ತಾರೆ. ವಾಡಿಯಿಂದ ಸಿಕಂದರಾಬಾದಿಗೆ ಹೋಗಬೇಕಾದ ಗಾಡಿಗೆ ಮಳಖೇಡವು ದಾರಿಯ ಬದಿಯ ಊರಷ್ಟೇ. ಆದರೂ ನಿಲ್ದಾಣಕ್ಕೆ ಹೆಸರಿಡುವಾಗ ಆ ಊರನ್ನು ಬಿಡಲಾಗಲಿಲ್ಲ ಎಂಬುದು ಮುಖ್ಯ. ಸುತ್ತಣ ಜನ ಆ ಸ್ಥಳವನ್ನು ಗುರುತಿಸುತ್ತಿದ್ದುದು ಮಳಖೇಡದ ಮೂಲಕವೇ. ರಾಜ್ಯವಳಿದು ಒಂಬತ್ತು ಶತಮಾನಗಳಾದ ಮೇಲೂ ಆ ಹೆಸರಿಗೆ ಸೀಮೆಯಲ್ಲಿ ಮನ್ನಣೆ ಉಳಿದಿತ್ತು ಎಂಬುದಕ್ಕೆ ನಿಲ್ದಾಣದ ಫಲಕವೇ ಆಧಾರ.

ಆ ಮನ್ನಣೆ ಉಳಿದದ್ದು ಕೋಟೆಯಿಂದಲ್ಲ, ಧರ್ಮಕೇಂದ್ರಗಳಿಂದ. ಮಳಖೇಡದ ನೇಮಿನಾಥ ಬಸದಿ ಮತ್ತು ಅಲ್ಲಿನ ತೀರ್ಥಂಕರ ಬಿಂಬಗಳನ್ನು ಹೊತ್ತ ಪುಟ್ಟ ಲೋಹಮಂದಿರ ಜೈನ ಯಾತ್ರಿಕರಿಗೆ ಪರಿಚಿತವಾದವು. ಬಲಾತ್ಕಾರಗಣದ ಭಟ್ಟಾರಕ ಪರಂಪರೆಯಲ್ಲಿ ಮಳಖೇಡದ ಪೀಠಕ್ಕೆ ವಿಶೇಷ ಸ್ಥಾನವಿದೆ. ವಿದರ್ಭದ ಕಾರಂಜಾ ಶಾಖೆ ತನ್ನ ಮೂಲವನ್ನು ಮಳಖೇಡಕ್ಕೆ ಒಯ್ಯುತ್ತದೆ. ಲಾತೂರಿನ ಶಾಖೆ ಕಾರಂಜಾದಿಂದ ಕವಲೊಡೆದದ್ದು. ಕನ್ನಡ ಮತ್ತು ಮರಾಠಿ ಸೀಮೆಗಳ ಜೈನರನ್ನು ಬೆಸೆದ ಈ ಮಾರ್ಗಗಳು ರೈಲಿಗಿಂತ ಎಷ್ಟೋ ಹಿಂದಿನವು. ಮಾಧ್ವ ಪರಂಪರೆಯಲ್ಲಿ ಉತ್ತರಾದಿ ಮಠದವರು ಜಯತೀರ್ಥರ ವೃಂದಾವನವೆಂದು ದರ್ಶಿಸುವ ಸ್ಥಳವೂ ಮಳಖೇಡದಲ್ಲಿದೆ. ಬಸದಿಗೆ ಬರುವ ಶ್ರಾವಕರೂ ವೃಂದಾವನಕ್ಕೆ ಬರುವ ಮಾಧ್ವರೂ ಒಂದೇ ನಿಲ್ದಾಣದಲ್ಲಿ ಇಳಿದು ಒಂದೇ ದಾರಿ ಹಿಡಿದವರು. ‘ರೋಡ್’ ಎಂಬ ಪದ ಸೂಚಿಸುವ ದಾರಿ ಇದೇ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸೀಮೆಯ ಸುಣ್ಣಕಲ್ಲು ಹಳಿಗೆ ಹೊಸ ಕೆಲಸ ಕೊಟ್ಟಿತು. ಶಹಾಬಾದ ಫರಸಿಯೆಂದು ನಾಡೆಲ್ಲ ಹೆಸರಾದ ಹಾಸುಗಲ್ಲು ಶಹಾಬಾದ, ಸೇಡಂ, ತಾಂಡೂರುಗಳ ಗಣಿಗಳಿಂದ ದೂರದ ಊರುಗಳಿಗೆ ಹೋಯಿತು. ಅದೇ ಕಲ್ಲಿನ ಬಲದಿಂದ ಮೊದಲು ವಾಡಿಯಲ್ಲಿ, ಮುಂದೆ 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಎದ್ದವು. ಯಾತ್ರಿಕರ ನಿಲ್ದಾಣ ಸರಕಿನ ಮಾರ್ಗವಾಗಿ ಬೆಳೆಯಿತು. ಇಂದು ‘ಮಳಖೇಡ’ ಎಂದೊಡನೆ ನಾಡಿನ ಬಹುಜನರ ಮನಸ್ಸಿಗೆ ಬರುವುದು ಸಿಮೆಂಟೇ ಹೊರತು ನೃಪತುಂಗನಲ್ಲ.

ಒಂದು ಹೆಸರಿನ ಹಲವು ರೂಪಗಳು

ಶಾಸನಗಳ ‘ಮಾನ್ಯಖೇಟ’ವು ಸಂಸ್ಕೃತ ರೂಪ. ಪ್ರಾಕೃತ ಮತ್ತು ಅಪಭ್ರಂಶಗಳಲ್ಲಿ ಅದು ‘ಮಣ್ಣಖೇಡ’. ಅಪಭ್ರಂಶದ ಮಹಾಕವಿ ಪುಷ್ಪದಂತನು ತನ್ನ ‘ಮಹಾಪುರಾಣ’ವನ್ನು ಇದೇ ನಗರದಲ್ಲಿ, ಮಂತ್ರಿ ಭರತನ ಆಶ್ರಯದಲ್ಲಿ ರಚಿಸಿ 965ರಲ್ಲಿ ಮುಗಿಸಿದನು. ಏಳೇ ವರ್ಷಗಳ ಅಂತರದಲ್ಲಿ, 972ರಲ್ಲಿ, ಮಾಳವದ ಅರಸನು ಆ ನಗರವನ್ನು ಕೊಳ್ಳೆ ಹೊಡೆದನು. ಧನಪಾಲನು ತನ್ನ ‘ಪಾಇಯಲಚ್ಛೀನಾಮಮಾಲಾ’ ಎಂಬ ಪ್ರಾಕೃತ ನಿಘಂಟಿನ ರಚನೆಯ ಕಾಲವನ್ನು ಹೇಳುವಾಗ ಆ ಕೊಳ್ಳೆಯ ವರ್ಷವೆಂದೇ ಗುರುತಿಸುತ್ತಾನೆ. ಅರಬ್ ಬರೆಹಗಾರ ಅಲ್ ಮಸೂದಿ ಬಲ್ಹರಾ ಅರಸರ ರಾಜಧಾನಿಯನ್ನು ‘ಮಾನ್ಕೀರ್’ ಎನ್ನುತ್ತಾನೆ. ಜನರ ನಾಲಗೆಯಲ್ಲಿ ಉಳಿದದ್ದು ‘ಮಳಖೇಡ’. ರೈಲ್ವೆಯ ಇಂಗ್ಲಿಷ್ ಬರವಣಿಗೆ ಅದನ್ನು ‘ಮಾಲ್ಖೈಡ್’ ಎಂದು ಓದುವಂತೆ ಮಾಡಿತು.

ಈ ರೂಪಗಳ ಸಾಲನ್ನು ಕೇವಲ ಕುತೂಹಲಕ್ಕಾಗಿ ಇಲ್ಲಿ ಕೊಟ್ಟಿಲ್ಲ. ಗ್ರಂಥಗಳ ಮಾನ್ಯಖೇಟವೂ ಕಾಗಿಣಾ ದಂಡೆಯ ಮಳಖೇಡವೂ ಒಂದೇ ಎಂದು ವಿದ್ವಾಂಸರು ಹೇಳಲು ನೆರವಾದುದರಲ್ಲಿ ಈ ಜೀವಂತ ಹೆಸರೂ ಒಂದು. ‘ಖೇಟ’ವು ‘ಖೇಡ’ವಾದದ್ದು ಪ್ರಾಕೃತದ ದಾರಿಯಲ್ಲಿ ಸಹಜವಾದ ಬದಲಾವಣೆ, ಪೂರ್ವಪದದ ಅನುನಾಸಿಕ ಜಾರಿ ಲಕಾರ, ಳಕಾರಗಳ ಕಡೆಗೆ ಹೊರಳಿದ್ದು ಆಡುಮಾತಿನ ಕೆಲಸ. ಊರಿನವರು ತಮ್ಮ ಊರಿನ ಹೆಸರನ್ನು ಸವೆಸುತ್ತಲೇ ಕಾಪಾಡಿಕೊಂಡು ಬಂದರು. 2014ರ ನವೆಂಬರ್ 1ರಂದು ಗುಲ್ಬರ್ಗ ‘ಕಲಬುರಗಿ’ಯಾದ ತರುವಾಯ ಇತಿಹಾಸದ ಹೆಸರುಗಳನ್ನು ಫಲಕಗಳಿಗೆ ಮರಳಿ ತರುವ ಉತ್ಸಾಹ ಸಹಜ. ಆದರೆ ಕಲಬುರಗಿಯ ವಿಷಯದಲ್ಲಿ ಜನ ಆಡುತ್ತಿದ್ದ ಹೆಸರೇ ಫಲಕಕ್ಕೆ ಬಂದಿತು. ಮಳಖೇಡವನ್ನು ‘ಮಾನ್ಯಖೇಟ’ ಎಂದು ತಿದ್ದಿದರೆ ಆಗುವುದು ಅದಕ್ಕೆ ವಿರುದ್ಧವಾದದ್ದು. ಜನರ ಹೆಸರು ಹೋಗಿ ಗ್ರಂಥದ ಹೆಸರು ಬರುತ್ತದೆ. ಫಲಕದ ಕೆಳಗೆ ‘ರಾಷ್ಟ್ರಕೂಟರ ಮಾನ್ಯಖೇಟ’ ಎಂಬ ವಿವರಣೆ ಸೇರಲಿ. ‘ಮಳಖೇಡ’ ಎಂಬ ಮಾತು ಮಾತ್ರ ಅಳಿಯಬಾರದು. ಅದನ್ನು ಅಳಿಸುವುದೆಂದರೆ ಒಂದು ಸಾಕ್ಷ್ಯವನ್ನೇ ಅಳಿಸಿದಂತೆ.

ಎರಡು ರಾಜಧಾನಿಗಳು, ಎರಡು ಹಳಿಗಳು

ಇಮ್ಮಡಿ ತೈಲಪನು 973ರಲ್ಲಿ ರಾಷ್ಟ್ರಕೂಟರ ಇಮ್ಮಡಿ ಕರ್ಕನನ್ನು ಸೋಲಿಸಿದ ಮೇಲೂ ಚಾಲುಕ್ಯರು ಕೆಲಕಾಲ ಮಾನ್ಯಖೇಟದಿಂದಲೇ ಆಳಿದರು. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಕಲ್ಯಾಣಕ್ಕೆ ಸಾಗಿಸಿದನು. ಮಾನ್ಯಖೇಟದಿಂದ ಕಲ್ಯಾಣಕ್ಕೆ ಹೋದದ್ದು ಸಿಂಹಾಸನವೊಂದೇ ಅಲ್ಲ. ಕವಿಗಳು, ಲಿಪಿಕಾರರು, ವರ್ತಕರು, ಬಸದಿಗಳಿಗೂ ದೇಗುಲಗಳಿಗೂ ದತ್ತಿ ಬಿಡುವ ಅಧಿಕಾರಿಗಳು ಎಲ್ಲರೂ ಆ ದಾರಿ ಹಿಡಿದರು. ಕಾಗಿಣೆಯು ಭೀಮೆಯ ಮೂಲಕ ಕೃಷ್ಣೆಯನ್ನು ಸೇರುವ ನದಿ. ಭಾಲ್ಕಿ, ಹುಲಸೂರುಗಳ ಕಡೆಯ ನೀರು ಮಾಂಜ್ರೆಯ ಮೂಲಕ ಗೋದಾವರಿಗೆ ಹೋಗುವಂಥದು. ‘ಕವಿರಾಜಮಾರ್ಗ’ಕಾರನು ಕನ್ನಡನಾಡಿನ ಉತ್ತರದ ಎಲ್ಲೆಯಾಗಿ ಗೋದಾವರಿಯನ್ನು ಹೇಳಿದ್ದು ಎಲ್ಲರೂ ಬಲ್ಲ ಸಂಗತಿ. ಕೃಷ್ಣೆಯ ಜಲಾನಯನದಿಂದ ಗೋದಾವರಿಯ ಅಂಚಿನ ಕಡೆಗೆ ಅಧಿಕಾರ ಸರಿದ ಈ ದಾರಿಯೇ ಮಧ್ಯಕಾಲೀನ ಕನ್ನಡ ನಾಡಿನ ಒಂದು ಪ್ರಮುಖ ಜಾಡು.

ರೈಲು ಈ ಜಾಡನ್ನು ಅನುಸರಿಸಲಿಲ್ಲ. ಬೀದರಿಗೆ ಹಳಿ ಬಂದದ್ದು ವಾಡಿ ಮಾರ್ಗ ತೆರೆದು ಅರ್ಧ ಶತಮಾನಕ್ಕೂ ಮಿಕ್ಕಿದ ಮೇಲೆ, 1930ರ ಆಸುಪಾಸಿನಲ್ಲಿ. ಅದೂ ಕಲಬುರಗಿಯ ಕಡೆಯಿಂದಲ್ಲ, ವಿಕಾರಾಬಾದಿನಿಂದ. ಆ ಮಾರ್ಗ ಬೀದರದಿಂದ ಭಾಲ್ಕಿ, ಕಮಲನಗರ, ಉದಗೀರಗಳ ಮೂಲಕ ಪರಳಿ ವೈಜನಾಥದತ್ತ ಸಾಗಿತು. ಪರಳಿಯಿಂದ ಮುಂದೆ ಗಂಗಾಖೇಡದ ಬಳಿ ಹಳಿಯು ಗೋದಾವರಿಯನ್ನೇ ದಾಟುತ್ತದೆ. ಹುಲಸೂರು, ಬಸವಕಲ್ಯಾಣಗಳು ಈ ಹಳಿಯಿಂದ ಹೊರಗೆ ಉಳಿದವು. ಹುಲಸೂರಿನವರ ಮಟ್ಟಿಗೆ ‘ಟೇಶನ್ನಿಗೆ ಹೋಗುವುದು’ ಎಂದರೆ ಭಾಲ್ಕಿಗೆ ಹೋಗುವುದು. ಚಾಲುಕ್ಯರ ರಾಜಧಾನಿಯಾಗಿ, ಮುಂದೆ ಕಳಚುರಿ ಬಿಜ್ಜಳನ ಮತ್ತು ಶರಣರ ಕಾಲದಲ್ಲಿ ಕನ್ನಡದ ಚರಿತ್ರೆಯನ್ನೇ ತಿರುಗಿಸಿದ ಕಲ್ಯಾಣದ ಹೆಸರಿನಲ್ಲಿ ಒಂದು ‘ಕಲ್ಯಾಣ ರೋಡ್’ ಕೂಡ ಹುಟ್ಟಲಿಲ್ಲ.

ಈ ಹಳಿಯ ಮೇಲಿನ ಎರಡು ಸಣ್ಣ ನಿಲ್ದಾಣಗಳಿಗೆ ಕನ್ನಡದ ಪಾಲಿಗೆ ಬೇರೊಂದು ಮಹತ್ತ್ವವಿದೆ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹುಟ್ಟಿದ ಊರು ಕಮಲನಗರ, ಮಠವಿದ್ದ ಊರು ಭಾಲ್ಕಿ. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಅವರ ಶಾಲೆಗಳ ಕಥೆ ಈ ಸೀಮೆಯಲ್ಲಿ ಮನೆಮಾತು. ಫಲಕ ಒಂದು ಭಾಷೆಯಲ್ಲಿ, ಒಳಗಿನ ಜೀವನ ಇನ್ನೊಂದರಲ್ಲಿ - ಇದು ಆ ಕಾಲದ ಗಡಿನಾಡಿನ ಬದುಕಿನ ಸ್ವರೂಪವೇ ಆಗಿತ್ತು. ಅಂಥ ಕಾಲದಲ್ಲಿ ಹೈದರಾಬಾದಿಗೂ ಮರಾಠವಾಡಕ್ಕೂ ನೇರವಾಗಿ ಹೋಗಬಹುದಾಗಿದ್ದ ಭಾಲ್ಕಿಯ ಪ್ರಯಾಣಿಕರು ತಮ್ಮದೇ ಭಾಷೆಯ ಕಲಬುರಗಿಗೆ ಮಾತ್ರ ಸುತ್ತಿ ಹೋಗಬೇಕಿತ್ತು.

1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆ ಈ ಸುತ್ತನ್ನು ಇನ್ನಷ್ಟು ಎದ್ದುಕಾಣುವಂತೆ ಮಾಡಿತು. ಬೀದರ ಮತ್ತು ಕಲಬುರಗಿಗಳು ಮೈಸೂರು ರಾಜ್ಯಕ್ಕೆ, ತಾಂಡೂರು ಮತ್ತು ವಿಕಾರಾಬಾದುಗಳು ಆಂಧ್ರಪ್ರದೇಶಕ್ಕೆ, ಉದಗೀರ ಮತ್ತು ಲಾತೂರುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಹಳಿ ಮಾತ್ರ ಹಳೆಯ ಸಂಸ್ಥಾನದ ನಕ್ಷೆಯಲ್ಲೇ ಉಳಿಯಿತು. ಭಾಲ್ಕಿಯಲ್ಲಿ ಗಾಡಿ ಹತ್ತಿದವರು ಕಲಬುರಗಿ ತಲುಪಬೇಕಾದರೆ ಬೀದರ ದಾಟಿ, ರಾಜ್ಯದ ಗಡಿ ಬಿಟ್ಟು ವಿಕಾರಾಬಾದಿಗೆ ಹೋಗಿ, ಅಲ್ಲಿ ಮಾರ್ಗ ಬದಲಿಸಿ ತಾಂಡೂರಿನ ಮೂಲಕ ಮತ್ತೆ ಗಡಿಯೊಳಗೆ ಬಂದು, ಸೇಡಂ, ಮಳಖೇಡ ರೋಡ್, ವಾಡಿಗಳನ್ನು ಹಾಯ್ದು ಹೋಗಬೇಕಿತ್ತು. ಕಲ್ಯಾಣದ ಸೀಮೆಯವರಿಗೆ ಮಾನ್ಯಖೇಟ ಹೀಗೆ ಹೊರರಾಜ್ಯದ ಮೂಲಕ ತಲುಪಬೇಕಾದ ಊರಾಯಿತು.

ಈ ಸುತ್ತು ಕೊನೆಗೊಂಡದ್ದು 2017ರ ಅಕ್ಟೋಬರ್ 29ರಂದು. ಹುಮನಾಬಾದ ಮತ್ತು ಕಮಲಾಪುರಗಳ ಮೂಲಕ ಹಾಯುವ ಸುಮಾರು 110 ಕಿಲೋಮೀಟರುಗಳ ಬೀದರ-ಕಲಬುರಗಿ ಮಾರ್ಗ ಅಂದು ಲೋಕಾರ್ಪಣೆಗೊಂಡಿತು. 1990ರ ದಶಕದಲ್ಲಿ ಮಂಜೂರಾದ ಯೋಜನೆಯಿದು. ಮರಗುತ್ತಿಯ ಬಳಿಯ ಸುರಂಗವೊಂದೇ ಒಂದೂವರೆ ಕಿಲೋಮೀಟರಿಗಿಂತ ಉದ್ದ. ವಾಡಿ-ಸಿಕಂದರಾಬಾದ್ ಮಾರ್ಗ ತೆರೆದ 1874ಕ್ಕೂ ಈ 2017ಕ್ಕೂ ನಡುವೆ 143 ವರ್ಷಗಳು. ದಂಡಿಗಾಗಿ ಬಂದ ಹಳಿ ಮತ್ತು ನಾಡಿನ ಜನರ ಒಡನಾಟಕ್ಕಾಗಿ ಬಂದ ಹಳಿ ಇವುಗಳ ನಡುವಿನ ಕಾಲಾಂತರವೆಂದೇ ಇದನ್ನು ಓದಬೇಕು. ಅದೇ ವರ್ಷ ಹುಲಸೂರು ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿತು; ತಾಲ್ಲೂಕು ಕೇಂದ್ರವಾದರೂ ನಿಲ್ದಾಣಕ್ಕಾಗಿ ಅದು ಇಂದಿಗೂ ಭಾಲ್ಕಿಯನ್ನೋ ಹುಮನಾಬಾದನ್ನೋ ನೆಚ್ಚಬೇಕು.

ಉಪಸಂಹಾರ

ಹಳ್ಳಿಯ ನಿಲ್ದಾಣದ ಚರಿತ್ರೆಯೆಂದರೆ ಕಟ್ಟಡದ ಚರಿತ್ರೆಯಲ್ಲ. ಯಾರ ಅಗತ್ಯಕ್ಕೆ ಹಳಿ ಬಂದಿತು, ಯಾವ ಊರನ್ನು ಕೂಡಿಸಿತು, ಯಾವುದನ್ನು ಬಿಟ್ಟಿತು ಎಂಬುದರ ದಾಖಲೆ. ಶಾಸನವನ್ನು ಓದುವಷ್ಟೇ ಎಚ್ಚರದಿಂದ ನಮ್ಮ ಸಂಶೋಧಕರು ನಿಲ್ದಾಣಗಳ ಹೆಸರುಗಳನ್ನೂ ಓದಬೇಕಾಗಿದೆ. ಎರಡೇ ಪದಗಳ ‘ಮಳಖೇಡ ರೋಡ್’ನಲ್ಲಿ ರಾಷ್ಟ್ರಕೂಟರ ನಗರ, ಪ್ರಾಕೃತದ ಧ್ವನಿವ್ಯತ್ಯಾಸ, ಭಟ್ಟಾರಕರ ಪೀಠ, ನಿಜಾಮರ ಬೊಕ್ಕಸ, ಬ್ರಿಟಿಷರ ದಂಡು ಎಲ್ಲವೂ ಅಡಕವಾಗಿವೆ.

ಸಣ್ಣ ನಿಲ್ದಾಣಗಳ ಬಾಳು ಅಲ್ಲಿ ನಿಲ್ಲುವ ಗಾಡಿಗಳ ಮೇಲೆ ನಿಂತಿದೆ. ನಿಲುಗಡೆಗಳು ಕಡಮೆಯಾದಂತೆ ಊರು ನಾಡಿನ ನೆನಪಿನಿಂದಲೂ ದೂರವಾಗುತ್ತದೆ. ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳು ವರ್ಷಕ್ಕೊಮ್ಮೆಯಾದರೂ ವಿದ್ಯಾರ್ಥಿಗಳನ್ನು ಮಳಖೇಡಕ್ಕೆ ಕರೆದೊಯ್ಯುವುದು ಯುಕ್ತ. ಬೀದರ, ಭಾಲ್ಕಿ, ಹುಮನಾಬಾದುಗಳಿಂದ ಕಲಬುರಗಿಗೆ ಈಗ ನೇರ ಹಳಿಯಿದೆ. ಅಲ್ಲಿಂದ ವಾಡಿಯ ಮೂಲಕ ಮಳಖೇಡ ರೋಡ್ ತಲುಪಬಹುದು. ಕಲ್ಯಾಣದಿಂದ ಮಾನ್ಯಖೇಟಕ್ಕೆ, ಚಾಲುಕ್ಯರ ರಾಜಧಾನಿ ಬಂದ ದಾರಿಗೆ ಇದಿರಾಗಿ, ಸಾಹಿತ್ಯ ಚರಿತ್ರೆಯನ್ನು ಹಿಮ್ಮುಖವಾಗಿ ಓದುತ್ತ ಹೋಗುವ ಪ್ರಯಾಣವದು. ನಿಲ್ದಾಣದಲ್ಲಿ ಇಳಿದ ಮೇಲೆ ಕೋಟೆಗೂ ಬಸದಿಗೂ ಸಾಗಬೇಕಾದ ದಾರಿ ಇನ್ನೂ ಉಳಿದಿರುತ್ತದೆ. ಫಲಕದ ಎರಡನೆಯ ಪದ ಹೇಳುತ್ತಿರುವುದು ಅದನ್ನೇ.